ಓಡಾಡುವ ಪಂಪು

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಎರಡು ಮಂದಾಜಿ. ನೆಕೇಸಾ ಆ ಸಿಹಿ ಬೋಂಡಾಗಳನ್ನು ಮನೆಯಲ್ಲಿ ಕರಿದು, ಚಹಾದ ಜೊತೆ ತಿನ್ನಲೆಂದು ಡಬ್ಬಿಯಲ್ಲಿ ತಂದಿದ್ದಳು. ಮುತಿಂಡಾ ಅದು ಆಫೀಸಿನದೇ ಇರಬೇಕೆಂದುಕೊಂಡು ಬೆಳಿಗ್ಗೆಯೇ ತಿಂದು ಮುಗಿಸಿದ. ಅವಳು ಕೇಳಿದಾಗ ತಪ್ಪಾಯ್ತು ಅನ್ನುವುದು ಬಿಟ್ಟು, "ಸಕ್ಕರೆ ಸ್ವಲ್ಪ ಕಮ್ಮಿ ಆಗಿತ್ತು" ಎಂದುಬಿಟ್ಟ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ.

ಇಬ್ಬರೂ ನೈರೋಬಿಯಲ್ಲಿ ಬೆಂಕಿ ಆರಿಸುವ ಲಾರಿಗಳನ್ನು ಕಟ್ಟುವ ಕಂಪನಿಯೊಂದರ ನಕ್ಷೆಗಾರರು. ಒಂದೇ ಕೋಣೆ, ಬೆನ್ನಿಗೆ ಬೆನ್ನು ಹಾಕಿ ಕೂರುವ ಮೇಜುಗಳು. ಲಾರಿಯ ಪಂಪು ಅವಳ ಪಾಲಿನದು. ಆ ಪಂಪಿನಿಂದ ಹೊರಟು ಲಾರಿಯ ಹೊಟ್ಟೆಯೊಳಗೆ ಸುತ್ತಿ ಬಳಸಿ ಹೋಗುವ ಉಕ್ಕಿನ ಪೈಪು ಇವನ ಪಾಲಿನದು.

ಹಳೆಯ ಸಾಫ್ಟ್‌ವೇರಿನಲ್ಲಿ ಅವರವರ ನಕ್ಷೆ ಅವರವರ ಕಂಪ್ಯೂಟರಿನಲ್ಲಿ ತೆಪ್ಪಗೆ ಬಿದ್ದಿರುತ್ತಿತ್ತು. ಆ ವಾರ ಕಂಪನಿ ಹೊಸದನ್ನು ತಂದು ಹಾಕಿತ್ತು. ಅದರ ತರಬೇತಿಗೆ ದೊಡ್ಡ ಹೋಟೆಲಿಗೆ ಹೋದವರು ಯಾರು? ಬಾಸ್ ಗಥೋಗೊ, ಜೊತೆಗೆ ಲೆಕ್ಕದವರು! ಮೌಸ್ ಹಿಡಿದು ದುಡಿಯುವವರನ್ನು ಯಾರೂ ಕರೆಯಲಿಲ್ಲ. ಹೋದವರು ಚೆನ್ನಾಗಿ ಉಂಡು, ಒಂದೊಂದು ಪೆನ್ನು ಹಿಡಿದುಕೊಂಡು ಬಂದು, "ತುಂಬಾ ಸುಲಭ" ಎಂದರು. ಇಂಥವರನ್ನು ನೋಡಿದರೆ ಮೈ ಉರಿಯುತ್ತದೆ.

ಮುತಿಂಡಾನಿಗೆ ಆ ದಿನ ಸಂಜೆ ಐದರ ಬಸ್ಸು ಹಿಡಿಯಲೇಬೇಕಿತ್ತು. ಮರುದಿನ ಕಿಟುಯಿಯಲ್ಲಿ, ಅವನು ಮದುವೆಯಾಗಲಿದ್ದ ಮುಂಬುವಾಳ ಮನೆಯಂಗಳದಲ್ಲಿ, ಮೇಕೆ ಒಪ್ಪಿಸುವ ಶಾಸ್ತ್ರ. ಗಂಡಿನ ಕಡೆಯಿಂದ ಮೂರು ಮೇಕೆ ಹೋಗದೆ ಕಾಂಬಾ ಜನರಲ್ಲಿ ಮದುವೆ ಮದುವೆಯೇ ಅಲ್ಲ. ಆಫೀಸಿನ ಕೆಲಸದಿಂದಾಗಿ ಶಾಸ್ತ್ರ ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಈ ಸಲವೂ ತಪ್ಪಿದರೆ ಬೇರೆ ಗಂಡು ನೋಡುತ್ತೇವೆ ಎಂದು ಹುಡುಗಿಯ ಸೋದರಮಾವ ಗುಡುಗಿದ್ದ.

"ಒಂದು ಪೈಪು ಮಾರಾಯ, ಮೂರು ತಿರುವು! ಮುಗಿಸಿ ಮಧ್ಯಾಹ್ನವೇ ಹೊರಡು, ಯಾರು ಬೇಡ ಅಂತಾರೆ?" ಎಂದಿದ್ದ ಗಥೋಗೊ.

ಮುತಿಂಡಾ ಪರದೆಯ ಮೇಲೆ ಪೈಪು ಎಳೆದ, ಬಗ್ಗಿಸಿದ. ಬಗ್ಗಿಸುವ ಯಂತ್ರ ಹಿಡಿದುಕೊಳ್ಳಲು ಎರಡು ತಿರುವುಗಳ ನಡುವೆ ಅಂಗೈಯಷ್ಟಾದರೂ ನೇರ ಜಾಗ ಬೇಕು. ಅಷ್ಟು ಜಾಗವನ್ನು ಅಳೆದು ಬಿಟ್ಟ. ಪೈಪು ಹಸಿರಾಯಿತು, ಅಂದರೆ ಎಲ್ಲ ಸರಿ. ಉಸ್ಸೆಂದು ಚಹಾ ತರಲು ಎದ್ದು ಹೋಗಿ ಬರುವಷ್ಟರಲ್ಲಿ ಅದೇ ಪೈಪು ಕೆಂಪಗಾಗಿ, ಸುಟ್ಟ ಹುಳುವಿನ ಹಾಗೆ ಮುದುಡಿಕೊಂಡಿತ್ತು.

"ಯಾರೋ ಇದನ್ನ ಮುಟ್ಟಿದ್ದೀರಿ!"

"ಯಾರೂ ಮುಟ್ಟಿಲ್ಲ. ಆಫ್ ಮಾಡಿ ಆನ್ ಮಾಡು" ಎಂದ ಸ್ಟೋರಿನ ಕಿಪ್ರೋನೊ. ಸ್ಟೋರಿನಲ್ಲಿ ಅವನಿಗೆ ಎಂದೂ ಕೆಲಸವಿರುವುದಿಲ್ಲ. ಉಳಿದವರ ಕೆಲಸವೆಲ್ಲ ಅವನದೇ.

ಆಫ್ ಮಾಡಿ ಆನ್ ಮಾಡಿದ್ದಾಯಿತು. ಮತ್ತೆ ಎಳೆದ, ಹಸಿರಾಯಿತು. ಕಣ್ಣುಜ್ಜಿಕೊಂಡು ನೋಡಿದರೆ ಮತ್ತೆ ಕೆಂಪು. ಮುತಿಂಡಾ ಮೌಸನ್ನು ಕುಕ್ಕಿದ, ಕುರ್ಚಿಯನ್ನು ಒದ್ದ, ಸಾಫ್ಟ್‌ವೇರ್ ಬರೆದವನ ಏಳು ತಲೆಮಾರನ್ನು ಜಾಲಾಡಿದ.

ಬೆನ್ನ ಹಿಂದೆ ನೆಕೇಸಾಳೂ ಕುದಿಯುತ್ತಿದ್ದಳು. "ಕಿಪ್ರೋನೊ, ನೋಡು ಬಾ ಇಲ್ಲಿ! ಎಲ್ಲಿಂದಲೋ ಒಂದು ಪೈಪು ತಾನೇ ತಾನಾಗಿ ಬಂದು ನನ್ನ ಪಂಪಿಗೆ ಗುದ್ದುತ್ತೆ. ಜಾಗ ಬಿಟ್ಟು ಪಂಪು ಆ ಕಡೆ ಸರಿಸಿದರೆ ಹಾಳಾದ್ದು ಅಲ್ಲಿಗೂ ಬರುತ್ತೆ!"

"ವೈರಸ್ಸು" ಎಂದ ಕಿಪ್ರೋನೊ, ಡಾಕ್ಟರನ ಗಾಂಭೀರ್ಯದಿಂದ.

ಊಟದ ಹೊತ್ತು ಕಳೆಯಿತು. ಮುತಿಂಡಾ ಊಟಕ್ಕೇಳಲಿಲ್ಲ. ನಾಲ್ಕು ಗಂಟೆಗೆ ಪೈಪು ಮತ್ತೆ ಹಸಿರಾಯಿತು. ಈ ಸಲ ಅವನು ಎರಡೂ ಕೈ ಮೇಲೆತ್ತಿ, ಕಣ್ಣು ಮಿಟುಕಿಸದೆ ಕೂತ. ನೋಡನೋಡುತ್ತಿದ್ದಂತೆ ಪರದೆಯ ಮೇಲಿನ ಪಂಪು ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಹಿಂದೆಯೇ ಪೈಪು ಕೆಂಪಾಯಿತು.

"ಅಯ್ಯೋ! ಪಂಪು ತಾನೇ ನಡೀತಾ ಇದೆ!" ಎಂದು ಕೂಗಿದ.

"ಕಿಪ್ರೋನೊ, ಹಾಗೆ ಕಿರುಚಬೇಡ ಅಂತ ಹೇಳು ಅವನಿಗೆ" ಎಂದಳು ನೆಕೇಸಾ, ತಿರುಗಿ ನೋಡದೆ. "ಪಂಪು ಸರಿಸ್ತಾ ಇರೋದು ನಾನು."

ಮುತಿಂಡಾ ಕುರ್ಚಿ ಸಮೇತ ಗಿರಕ್ಕನೆ ತಿರುಗಿದ. ಆಮೇಲೆ ಹೊತ್ತಿಕೊಂಡ ಬೆಂಕಿಯನ್ನು ಆ ಕಂಪನಿಯ ಯಾವ ಲಾರಿಯೂ ಆರಿಸುತ್ತಿರಲಿಲ್ಲ.

"ಬೆಳಿಗ್ಗೆಯಿಂದ ನೀನೇನಾ? ನನ್ನ ಮದುವೆಗೆ ಕಲ್ಲು ಹಾಕೋಕೆ ನಿಂತಿದ್ದೀಯಾ?"

"ಆ ದರಿದ್ರ ಪೈಪು ನಿಂದು ಅಂತ ನಂಗೇನು ಕನಸು ಬಿದ್ದಿತ್ತಾ? ಬಾಯಲ್ಲಿ ಹೇಳಬಹುದಿತ್ತಲ್ಲ!"

"ಮಾತು ಬಿಟ್ಟವಳು ನೀನು!"

"ಮಂದಾಜಿ ತಿಂದವನು ನೀನು!"

ಹೊಸ ಸಾಫ್ಟ್‌ವೇರಿನಲ್ಲಿ ಎಲ್ಲರ ನಕ್ಷೆಯೂ ಒಂದೇ ಕಡೆ ಇರುತ್ತದೆ, ಪೈಪಿನ ತುದಿ ಪಂಪಿಗೆ ಕಚ್ಚಿಕೊಂಡಿರುತ್ತದೆ ಎಂಬ ಒಂದು ಮಾತು ಆ ಹೋಟೆಲಿನ ಊಟದಲ್ಲಿ ಮುಳುಗಿಹೋಗಿತ್ತು. ಕೂಗಾಡಿ ಸುಸ್ತಾದ ಮೇಲೆ ನೆಕೇಸಾ ಪಂಪು ಬಿಟ್ಟು ಕೈ ಕಟ್ಟಿ ಕೂತಳು. ಪೈಪು ಹದಿನೈದೇ ನಿಮಿಷದಲ್ಲಿ ಮುಗಿಯಿತು.

ಮುತಿಂಡಾ ಚೀಲ ಹೆಗಲಿಗೇರಿಸಿ ಬಾಗಿಲು ದಾಟುವಷ್ಟರಲ್ಲಿ ಗಥೋಗೊ ನಗುತ್ತ ಎದುರಾದ. "ಗಿರಾಕಿ ಫೋನ್ ಮಾಡಿದ್ರು ಕಣಯ್ಯ. ಪಂಪು ಲಾರಿಯ ಹಿಂಭಾಗಕ್ಕೆ ಬರಬೇಕಂತೆ. ನಾಲ್ಕು ಗಂಟೆಯಾದ್ರೂ ನಿನ್ನ ಪೈಪು ಆಗಿರಲಿಲ್ಲವಲ್ಲ, ಒಳ್ಳೇದೇ ಆಯ್ತು ಅಂತ ಒಪ್ಪಿಕೊಂಡೆ. ನಾಳೆ ಬೆಳಿಗ್ಗೆಯೇ ನಕ್ಷೆ ಕಳಿಸಬೇಕು."

"ಆಗಲ್ಲ ಬಾಸ್! ಕೆಲಸದಿಂದ ತೆಗೀತೀರಾ? ತೆಗೀರಿ! ನಾನಿಲ್ಲದಿದ್ರೆ ನಾಳೆ ಶಾಸ್ತ್ರವೇ ನಡೆಯಲ್ಲ!"

ಗಥೋಗೊ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ಅವನ ಮುಖ ನೋಡಿದರೆ, ಹೋಗಿ ಬಾ ಎಂದೇ ಬಿಡುತ್ತಿದ್ದನೇನೋ. ಅಷ್ಟರಲ್ಲಿ ಮುತಿಂಡಾನ ಫೋನು ಬಡಿದುಕೊಂಡಿತು. ಮುಂಬುವಾ. ಅವಳದು ಸಂತೆಯಲ್ಲಿ ಮಾತಾಡಿ ಪಳಗಿದ ಗಂಟಲು, ಫೋನು ಕಿವಿಗಿಟ್ಟರೂ ಕೋಣೆಗೆಲ್ಲ ಕೇಳುತ್ತದೆ.

"ಓಡ್ಕೊಂಡು ಬರಬೇಡಿ, ನಿಧಾನ! ನಿಮ್ಮ ಅಪ್ಪ ಆಗಲೇ ಮೇಕೆ ಹೊಡ್ಕೊಂಡು ಬಂದಿದ್ದಾರೆ. ಮೂರೂ ಕೊಬ್ಬಿದಾವೆ ಅಂತ ಮಾವನಿಗೆ ಖುಷಿಯೋ ಖುಷಿ! ಮೇಕೆ ಬಂದ್ರೆ ಮುಗೀತು, ಹುಡುಗ ಬಂದ್ರೂ ಒಂದೇ ಬರದಿದ್ರೂ ಒಂದೇ ಅಂದ್ರು!"

ಗಥೋಗೊ ಒಳಬಂದು ಮುತಿಂಡಾನ ಹೆಗಲಿನಿಂದ ಚೀಲವನ್ನು ಬಹಳ ಪ್ರೀತಿಯಿಂದ ಇಳಿಸಿಕೊಂಡ. "ನೋಡು, ನಿನ್ನ ಚಿಂತೆಯೂ ಕಳೀತು. ಕೂತ್ಕೋ" ಎಂದ.

ನೆಕೇಸಾ ಪಂಪನ್ನು ಲಾರಿಯ ಹಿಂದಕ್ಕೆ ಎಳೆದಳು. ಪೈಪು ಕೆಂಪಗಾಯಿತು.