ಚಿಕ್ಕಸ್ವಾಮಿ ಕೊಂಡ ದುರ್ಬೀನು

ಚಿಕ್ಕಸ್ವಾಮಿ ಗುರಿಯಿಟ್ಟದ್ದು ಬೇಲಿಗೂಟದ ಮೇಲೆ ಬೋರಲು ಹಾಕಿದ್ದ ತೆಂಗಿನ ಚಿಪ್ಪಿಗೆ. ಗುಂಡು ಹೋಗಿ ಹೊಕ್ಕಿದ್ದು ಹೆಂಡತಿ ಸೋಮಮ್ಮನ ನೀರಿನ ಡ್ರಮ್ಮಿಗೆ. ಬೆಳಿಗ್ಗೆಯೇ ಎದ್ದು ತುಂಬಿಸಿಟ್ಟಿದ್ದ ನಲ್ಲಿ ನೀರು ಸಣ್ಣ ಮಗು ಉಚ್ಚೆ ಹೊಯ್ದ ಹಾಗೆ ಕಮಾನು ಕಟ್ಟಿಕೊಂಡು ಅಂಗಳಕ್ಕೆ ಸುರಿಯತೊಡಗಿತು.

ಸೋಮಮ್ಮ ಓಡಿಬಂದು ತೂತಿಗೆ ಹೆಬ್ಬೆರಳು ಒತ್ತಿ ಹಿಡಿದಳು. "ಅಲ್ಲ ಕನಿ, ಚಿಪ್ಪು ಅಲ್ಲೈತೆ, ಡ್ರಮ್ಮು ಇಲ್ಲೈತೆ. ಎರಡ್ರ ಮಧ್ಯೆ ಎತ್ತಿನ ಗಾಡಿ ತಿರುಗಿಸ್ಬೋದು. ಗುಂಡು ಎಂಗೆ ಇಲ್ಲಿಗೆ ಬಂತು?"

"ಗುಂಡಿಂದೇನೂ ತಪ್ಪಿಲ್ಲ ಕನಮ್ಮಿ. ನಳಿಗೆ ತುದೀಲಿ ಗುರಿ ನೋಡೋ ಮುಳ್ಳು ಎರಡೆರಡಾಗಿ ಕಾಣ್ತದೆ. ಯಾವುದ ನಂಬಾನ ಅಂತ ಗೊತ್ತಾಯ್ತಿಲ್ಲ."

"ಎರಡನ್ನೂ ನಂಬಬ್ಯಾಡಿ. ಮೊದ್ಲು ಒಳೀಕಿಡಿ ಅದ್ನ."

ಬೇರೆ ದಿನವಾಗಿದ್ದರೆ ಒಳಗಿಡುತ್ತಿದ್ದ. ಲೈನ್‌ಮನ್ ಕೆಲಸದಿಂದ ನಿವೃತ್ತನಾದ ಮೇಲೆ ಚಿಕ್ಕಸ್ವಾಮಿ ಆ ಏರ್ ಗನ್ನನ್ನು ಮುಟ್ಟುತ್ತಿದ್ದುದೇ ಸೀಬೆಮರದ ಗಿಳಿಗಳನ್ನು ಹೆದರಿಸಲು. ಆದರೆ ಇವತ್ತು ಮಧ್ಯಾಹ್ನ ಪಾಂಡವಪುರದಲ್ಲಿ, ಅವನು ಓದಿದ ಹೈಸ್ಕೂಲಿನ ಮೈದಾನದಲ್ಲಿ, ಹಳೆಯ ಎನ್‌ಸಿಸಿ ಹುಡುಗರೆಲ್ಲ ಸೇರುವವರಿದ್ದರು. ಹುಡುಗರೆಂದರೆ ಮೊಮ್ಮಕ್ಕಳನ್ನು ಎತ್ತಿ ಆಡಿಸುವವರು. ಅವರನ್ನೆಲ್ಲ ಆ ಕಾಲದಲ್ಲಿ ಬಿಸಿಲಿಗೆ ನಿಲ್ಲಿಸಿ ತಿದ್ದಿದ್ದ ಮುದ್ದಯ್ಯ ಮೇಷ್ಟ್ರೂ ಬರುತ್ತಿದ್ದರು. ಗುರಿ ಹೊಡೆಯುವ ಪಂದ್ಯವಿತ್ತು. ಗೆದ್ದವನಿಗೆ ಮೇಷ್ಟ್ರು ತಮ್ಮ ಹಿತ್ತಾಳೆ ಸೀಟಿಯನ್ನೇ ಕೊಡುವುದಾಗಿ ಹೇಳಿಕಳಿಸಿದ್ದರು.

ಆ ಸೀಟಿ! ಕತ್ತಲು ಹರಿಯುವ ಮುಂಚೆ ಅದರ ಸದ್ದು ಕೇಳಿದರೆ ಸಾಕು, ಹಾಸ್ಟೆಲಿನ ಚಾಪೆಗಳೆಲ್ಲ ತಾವಾಗಿಯೇ ಸುತ್ತಿಕೊಳ್ಳುತ್ತಿದ್ದವು. ಗಂಜಿ ಹಾಕಿ ತಗಡಿನಂತಾದ ಖಾಕಿ ಚಡ್ಡಿ, ಕಾಲಿಗಿಂತ ದೊಡ್ಡದಾದ ಬೂಟು, ಬೂಟಿನ ಮೂತಿಗೆ ತುರುಕಿದ ಹಳೆಯ ಪೇಪರು. ಪರೇಡ್ ಮುಗಿದ ಮೇಲೆ ಮುತ್ತುಗದ ಎಲೆಯಲ್ಲಿ ಬಿಸಿ ಪೂರಿ. ಆ ಪೂರಿಯ ಎಣ್ಣೆ ವಾಸನೆ ನೆನೆದರೆ ಚಿಕ್ಕಸ್ವಾಮಿಗೆ ಈಗಲೂ ಹಸಿವಾಗುತ್ತಿತ್ತು. ಕೊನೆಯ ವರ್ಷದ ಕ್ಯಾಂಪಿನಲ್ಲಿ ಅವನೂ ಕಿಕ್ಕೇರಿ ನಿಂಗರಾಜುವೂ ಗುರಿ ಹೊಡೆಯುವುದರಲ್ಲಿ ಸರಿಸಮ ಬಂದರು. ಇನ್ನೊಂದು ಸುತ್ತು ಹೊಡೆಸಿ ತೀರ್ಮಾನ ಮಾಡೋಣವೆಂದರೆ ಮದ್ದುಗುಂಡು ಮುಗಿದಿತ್ತು. ಯಾರು ಮೇಲು ಎಂಬುದು ಅಂದಿನಿಂದ ಇಂದಿನವರೆಗೆ ಹಾಗೆಯೇ ಉಳಿದಿತ್ತು. ಹಿಂದಿನ ದಿನ ತಾನೆ ನಿಂಗರಾಜು ಫೋನು ಮಾಡಿ, "ಬರಿಗಣ್ಣಲ್ಲೇ ಒಡೀತೀನಿ ಕಣ್ಲಾ, ನೀನು ಕನ್ನಡಕ ಒರುಸ್ಕೊಂಡು ಬಾ" ಎಂದು ನಕ್ಕಿದ್ದ.

"ದುರ್ಬೀನು ಹಾಕ್ಸ್ಕೊಬುಡ್ಲಾ," ಎಂಬ ದನಿ ಬೇಲಿಯಾಚೆಯಿಂದ ಬಂತು. ಪಕ್ಕದ ಮನೆಯ ರಂಗಸ್ವಾಮಿ. ಹಾಲಿನ ಡೈರಿಯ ಸೆಕ್ರೆಟರಿಯಾದ ಅವನಿಗೆ ಕಿರಂಗೂರಿನ ಎಲ್ಲ ಹಸುಗಳ ಆರೋಗ್ಯವೂ ಎಲ್ಲ ಮನೆಗಳ ಗುಟ್ಟೂ ಗೊತ್ತು. "ಗನ್ನಿನ ಮ್ಯಾಲೆ ಕೂರಿಸ್ತಾರಲ್ಲ, ಅದು. ಪಟ್ಟಣದಲ್ಲೇ ಸಿಕ್ತದೆ. ವಯಸ್ಸಾದೋರು ಹಾಕ್ಕೊಬೋದು ಅಂತ ನಿಮ್ ಮೇಷ್ಟ್ರೇ ಯೋಳವ್ರಂತಲ್ಲ. ನಡಿ, ಬೈಕಲ್ಲಿ ಕರ್ಕೊಂಡೋಯ್ತೀನಿ."

"ನಾಕು ಸಾವಿರದ ಮ್ಯಾಲೆ ಒಂದು ಪೈಸ ಕೊಡಾಕಿಲ್ಲ," ಎಂದಳು ಸೋಮಮ್ಮ ಹೆಬ್ಬೆರಳು ತೆಗೆಯದೆ. "ಅದ್ರಲ್ಲೇ ಒಂದು ಡ್ರಮ್ಮೂ ಬರ್ಬೇಕು."

ಶ್ರೀರಂಗಪಟ್ಟಣದ ಪೇಟೆ ಬೀದಿಯ ಆ ಅಂಗಡಿಯಲ್ಲಿ ಕ್ರಿಕೆಟ್ ಬ್ಯಾಟು, ಮೀನಿನ ಗಾಳ, ಏರ್ ಗನ್ನು ಎಲ್ಲ ಒಟ್ಟಿಗೇ ನೇತಾಡುತ್ತಿದ್ದವು. ಒಡತಿ ಹೇಮಶ್ರೀ ಕಾಲೇಜಿನಲ್ಲಿದ್ದಾಗ ತಾನೂ ಗುರಿ ಹೊಡೆಯುತ್ತಿದ್ದವಳು. ಚಿಕ್ಕಸ್ವಾಮಿಯ ಗನ್ನನ್ನು ತಿರುಗಿಸಿ ನೋಡಿ, "ಎಷ್ಟು ದೂರಕ್ಕೆ ಹೊಡೀಬೇಕಣ್ಣ?" ಎಂದು ಕೇಳಿದಳು.

"ಇಸ್ಕೂಲ್ ಗೋಡೆಯಿಂದ ಬೇವಿನ ಮರಕ್ಕೆ ಕನವ್ವ. ಹತ್ರವೇ."

"ದೂರದ್ದು ಕಾಣಲ್ವೋ, ಹತ್ರದ್ದು ಕಾಣಲ್ವೋ?"

"ದೂರದ್ದು ಹದ್ದಿನಂಗೆ ಕಾಣ್ತದೆ. ಈ ಮುಳ್ಳೇ ಮಸುಕು."

"ಹಂಗಾದ್ರೆ ಇದು ಸಾಕು," ಎಂದು ಗೇಣುದ್ದದ ಒಂದು ಕೊಳವೆ ತೆಗೆದಿಟ್ಟಳು. "ಒಂದರಿಂದ ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುತ್ತೆ. ಈ ಬಳೆ ತಿರುಗಿಸಿದ್ರೆ ಹೆಚ್ಚು ಕಮ್ಮಿ ಆಗುತ್ತೆ. ಕಮ್ಮಿ ಇಟ್ಕೊಂಡ್ರೆ ಅಕ್ಕಪಕ್ಕನೂ ಕಾಣುತ್ತೆ. ನಿಮ್ಮ ಬಜೆಟ್ಟಿಗೆ ದೊಡ್ಡ ನಂಬರಿನದೂ ಸಿಗುತ್ತೆ ಅಣ್ಣ, ಆದ್ರೆ ಗಾಜು ಚೆನ್ನಾಗಿರಲ್ಲ. ಅದೇ ದುಡ್ಡು ಸಣ್ಣ ನಂಬರಿಗೆ ಹಾಕಿದ್ರೆ ಒಳ್ಳೆ ಗಾಜು ಬರುತ್ತೆ."

ಅದನ್ನು ಗನ್ನಿಗೆ ಕೂರಿಸಿ, ಅಂಗಡಿಯ ಹಿತ್ತಲಲ್ಲಿ ನಾಲ್ಕಾರು ಗುಂಡು ಹೊಡೆದು ಸರಿಮಾಡಿ ಕೈಗೆ ಕೊಟ್ಟಳು. ಚಿಕ್ಕಸ್ವಾಮಿ ಕಣ್ಣಿಟ್ಟ. ಎದುರು ಗೋಡೆಯ ಮೇಲಿನ ಬೆಂಕಿಪೊಟ್ಟಣ, ಅದರ ಮೇಲಿನ ಚಿತ್ರ, ಅಡ್ಡಲಾಗಿ ಒಂದು ಗೆರೆ, ಉದ್ದಕ್ಕೆ ಒಂದು ಗೆರೆ. ಎರಡೂ ಒಂದೊಂದೇ! ಅವನ ಎದೆ ತುಂಬಿ ಬಂತು. ಹದಿನಾರರ ವಯಸ್ಸಿನಲ್ಲಿ ಲೋಕ ಹೀಗೆಯೇ ಕಾಣುತ್ತಿತ್ತು ಎಂಬುದು ಅವನಿಗೆ ಮರೆತೇಹೋಗಿತ್ತು. ಡ್ರಮ್ಮಿಗೂ ಚೂರು ದುಡ್ಡು ಉಳಿದಿತ್ತು.

ಅಲ್ಲಿಗೆ ನೇರ ಪಾಂಡವಪುರಕ್ಕೆ ಹೋಗಿದ್ದರೆ ಕತೆ ಬೇರೆಯಾಗುತ್ತಿತ್ತು. ರಂಗಸ್ವಾಮಿಗೆ ಟೀ ಬೇಕಾಯಿತು. ಟೀ ಅಂಗಡಿಯ ಬೆಂಚಿನ ಮೇಲೆ ದುರ್ಬೀನಿನ ಪ್ರದರ್ಶನವೂ ಆಯಿತು.

"ಎಷ್ಟು ಪಟ್ಟು?" ಎಂದ ಒಬ್ಬ.

"ನಾಕು."

"ಬರೀ ನಾಕಾ? ನನ್ನ ಮೊಬೈಲಲ್ಲೇ ಹತ್ತೈತೆ."

"ನಾಕು ಅಂದ್ರೆ ಅದು ದುರ್ಬೀನಲ್ಲ ಕನಣ್ಣೋ, ಕನ್ನಡಕ," ಎಂದ ಇನ್ನೊಬ್ಬ ಬನ್ನು ಅದ್ದಿಕೊಳ್ಳುತ್ತ.

ರಂಗಸ್ವಾಮಿಯ ಮುಖ ಸಣ್ಣಗಾಯಿತು. ಕರೆದುಕೊಂಡು ಹೋದವನು ಅವನಲ್ಲವೇ? "ಲೇ ಚಿಕ್ಕಸ್ವಾಮಿ, ಆ ಅಂಗ್ಡೀಲಿ ಇಪ್ಪತ್ನಾಕರದ್ದೂ ಐತೆ, ನಾನೇ ನೋಡ್ದೆ. ರೇಟು ಹೆಚ್ಚುಕಮ್ಮಿ ಅದೇಯ. ನಾಕು ಲೀಟರ್ ಹಾಲಿನ ದುಡ್ಡಿಗೆ ಇಪ್ಪತ್ನಾಕು ಲೀಟರ್ ಕೊಡ್ತೀನಿ ಅಂದ್ರೆ ಬ್ಯಾಡ ಅಂತೀಯೇನ್ಲಾ?"

"ನೀರು ಬೆರೆಸಿರ್ತಾರೆ ಅಂತ ಅನುಮಾನ ಪಡ್ತೀನಿ," ಎಂದ ಚಿಕ್ಕಸ್ವಾಮಿ. ಆದರೆ ಅನುಮಾನ ಆಗಲೇ ಅವನ ಕೊಳವೆಯ ಮೇಲೆಯೇ ತಿರುಗಿತ್ತು. ನಿಂಗರಾಜು ಇದನ್ನು ನೋಡಿ 'ನಾಕಾ?' ಎಂದು ನಕ್ಕರೆ? ಟೀ ಮುಗಿಯುವುದರೊಳಗೆ ಆ ಪುಟ್ಟ ಕೊಳವೆ ಅವನ ಕಣ್ಣಿಗೆ ಮಕ್ಕಳ ಆಟಿಕೆಯಂತೆ ಕಂಡಿತು.

ಕೊಳವೆ ಬದಲಿಸಿಕೊಳ್ಳಲು ಅಂಗಡಿಗೆ ವಾಪಸು ಹೋದಾಗ ಹೇಮಶ್ರೀ ಎಷ್ಟೋ ಹೇಳಿದಳು. "ಅಣ್ಣ, ಇಪ್ಪತ್ತನಾಲ್ಕು ಅಂದ್ರೆ ಬೀಗದ ಕಿಂಡಿಯಿಂದ ಊರು ನೋಡಿದಂಗೆ. ನಿಮ್ಮ ಉಸಿರಾಟಕ್ಕೂ ಅಲ್ಲಾಡುತ್ತೆ."

"ಆಡ್ಲಿ ಬುಡವ್ವ, ಅವನೇನು ಕಂಬ ಹತ್ತಿದೋನಲ್ವಾ," ಎಂದ ರಂಗಸ್ವಾಮಿ.

ಡ್ರಮ್ಮಿನ ದುಡ್ಡೂ ಹೋಯಿತು. ಒನಕೆಯಂಥ ದುರ್ಬೀನು ಗನ್ನಿನ ಮೇಲೆ ಬಂದು ಕೂತಿತು. ಮತ್ತೆ ಹಿತ್ತಲು, ಮತ್ತೆ ಗುಂಡು, ಮತ್ತೆ ಸರಿಮಾಡುವುದು. ಅಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು.

ಗನ್ನಿಗೆ ಕಂಬಳಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಚಿಕ್ಕಸ್ವಾಮಿ ಬೈಕಿನ ಹಿಂದೆ ಕೂತ. ಪಾಂಡವಪುರದ ದಾರಿಯಲ್ಲಿ ಒಂದು ಮದುವೆ ಛತ್ರ. ಅದರ ಮುಂದೆ ರೇಷ್ಮೆ ಪಂಚೆಯುಟ್ಟ ದೊಡ್ಡ ಹೊಟ್ಟೆಯ ಮನುಷ್ಯನೊಬ್ಬ ಕೈ ಅಡ್ಡ ಹಿಡಿದು ಬೈಕು ನಿಲ್ಲಿಸಿ, ಕೀಲಿಯನ್ನೇ ಕಿತ್ತುಕೊಂಡ.

"ಇಷ್ಟೊತ್ತಿಗೆ ಬರೋದೇನ್ರಯ್ಯಾ? ಮುಹೂರ್ತ ಮೀರ್ತಾ ಐತೆ! ಒಬ್ಬ ಊದೋನು, ಇನ್ನೊಬ್ಬ ಡೋಲಿನೋನು ತಾನೆ? ಡೋಲೆಲ್ಲಿ?"

"ನಾವು ಓಲಗದೋರಲ್ಲ ಕನಣ್ಣ," ಎಂದ ಚಿಕ್ಕಸ್ವಾಮಿ.

"ಎಲ್ಲಾ ಇಂಗೇ ಅಂತೀರಿ. ಊಟಕ್ಕೆ ಮಾತ್ರ ಮೊದಲನೇ ಪಂಕ್ತಿ. ನಡೀರಿ, ಊದ್ರಿ!" ಎಂದವನೇ ಕಂಬಳಿ ಹಿಡಿದು ಎಳೆದ. ಒಳಗಿನಿಂದ ನಳಿಗೆ ಮೂತಿ ತೋರಿಸಿತು. ಹೆಂಗಸರು ಕಿರುಚಿದರು. ಆರತಿ ತಟ್ಟೆ ಠಣ್ಣನೆ ಉರುಳಿತು. ಮದುವೆಗಂಡು ಹಸೆಮಣೆಯಿಂದ ಎದ್ದು ಅಡುಗೆಮನೆಯ ಕಡೆ ನಡೆದನಂತೆ. ಇದು ಗಿಳಿ ಓಡಿಸುವ ಏರ್ ಗನ್ನು ಎಂದು ಎಲ್ಲರಿಗೂ ತಿಳಿಸಿ, ಕೀಲಿ ವಾಪಸು ಪಡೆದು ಹೊರಡುವ ಹೊತ್ತಿಗೆ ಇಬ್ಬರಿಗೂ ಬೆವರಿನಿಂದ ಅಂಗಿ ಅಂಟಿಕೊಂಡಿತ್ತು.

ಹೈಸ್ಕೂಲಿನ ಗೇಟಿನೊಳಗೆ ಕಾಲಿಟ್ಟಾಗ ಮಾತ್ರ ಅದೆಲ್ಲ ಕಳಚಿ ಬಿತ್ತು. ಅದೇ ಮೈದಾನ, ಅದೇ ಬೇವಿನ ಮರ. ಬೋಳುತಲೆಗಳು, ಬಿಳಿಮೀಸೆಗಳು ಒಂದನ್ನೊಂದು "ಲೇ ಪೂರಿ", "ಲೇ ಬೂಟು" ಎಂದು ಹಳೆಯ ಹೆಸರಿನಲ್ಲಿ ಕೂಗಿಕೊಂಡು ತಬ್ಬಿಕೊಳ್ಳುತ್ತಿದ್ದವು. ಮುದ್ದಯ್ಯ ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮೈ ಒಣಗಿದ ಜೋಳದ ದಂಟಿನಂತಾಗಿತ್ತು, ದನಿ ಮಾತ್ರ ಸವೆದಿರಲಿಲ್ಲ. "ಚಿಕ್ಕಸ್ವಾಮಿ! ಎದೆ ಮುಂದೆ, ಹೊಟ್ಟೆ ಒಳಗೆ!" ಎಂದರು. ಚಿಕ್ಕಸ್ವಾಮಿ ಹೊಟ್ಟೆಯನ್ನು ಒಳಗೆಳೆದುಕೊಂಡ. ಕಣ್ಣಲ್ಲಿ ಯಾಕೋ ನೀರು ಬಂತು.

ಉಳಿದವರೆಲ್ಲ ಹೊಡೆದು ಮುಗಿಸಿದ್ದರು. ಬಾಕಿಯಿದ್ದದ್ದು ಚಿಕ್ಕಸ್ವಾಮಿ, ನಿಂಗರಾಜು ಇಬ್ಬರೇ. ಮರದ ಕೆಳಗೆ ಎರಡು ಹಲಗೆ, ಒಂದೊಂದರ ಮೇಲೂ ಕರಿಚುಕ್ಕೆಯ ಬಿಳಿಕಾಗದ. ಎಡಗಡೆಯದು ಚಿಕ್ಕಸ್ವಾಮಿಯದು, ಬಲಗಡೆಯದು ನಿಂಗರಾಜುವಿನದು. ತಲಾ ಐದು ಗುಂಡು. ಇಬ್ಬರೂ ಪಕ್ಕಪಕ್ಕ ಬೋರಲು ಮಲಗಿದರು. ಆ ಕಾಲದಲ್ಲಿ ಮಲಗಿದ್ದ ಹಾಗೆಯೇ. ಏಳುವಾಗ ಯಾರಾದರೂ ಕೈಕೊಡಬೇಕಾಗುತ್ತದೆ ಎಂಬುದೊಂದೇ ವ್ಯತ್ಯಾಸ.

"ಏನ್ಲಾ ಅದು, ಪಂಪ್‌ಸೆಟ್ಟಿನ ಪೈಪಾ?" ಎಂದ ನಿಂಗರಾಜು.

"ಇಪ್ಪತ್ನಾಕು ಪಟ್ಟು," ಎಂದ ಚಿಕ್ಕಸ್ವಾಮಿ ಗತ್ತಿನಿಂದ. ರಂಗಸ್ವಾಮಿ ಬಗ್ಗಿ ಬಳೆಯನ್ನು ಕೊನೆಯವರೆಗೂ ತಿರುಗಿಸಿ ಬೆನ್ನು ತಟ್ಟಿದ.

ಚಿಕ್ಕಸ್ವಾಮಿ ಕಣ್ಣಿಟ್ಟ. ಮೊದಲು ಕಂಡದ್ದು ಎಮ್ಮೆಯಷ್ಟು ದೊಡ್ಡ ಗೊದ್ದ ಇರುವೆ, ಬೇವಿನ ತೊಗಟೆಯ ಮೇಲೆ ಹತ್ತುತ್ತಿತ್ತು. ಅಲ್ಲಿಂದ ಜರುಗಿಸಿದರೆ ಕಾಗೆಯ ಕಣ್ಣು, ಅವನನ್ನೇ ದುರುಗುಟ್ಟಿಕೊಂಡು ನೋಡುತ್ತಿತ್ತು. ಇನ್ನೂ ಜರುಗಿಸಿದರೆ ಆಕಾಶ. ಪಕ್ಕದಲ್ಲಿ ನಿಂಗರಾಜುವಿನ ಗನ್ನು ಟಪ್ ಟಪ್ಪೆಂದು ಹೊಡೆದು ಮುಗಿಸಿಯೇಬಿಟ್ಟಿತು. ಚಿಕ್ಕಸ್ವಾಮಿ ಬೆವರುತ್ತ ಮಣ್ಣು, ಹುಲ್ಲು, ಮೊಳೆ ಎಲ್ಲ ಹುಡುಕಿ ಕಡೆಗೂ ಒಂದು ಬಿಳಿಕಾಗದ ಹಿಡಿದ. ನಡುವೆ ಊಟದ ತಟ್ಟೆಯಷ್ಟು ಕರಿಚುಕ್ಕೆ. ಉಸಿರು ಬಿಗಿಹಿಡಿದು ಒತ್ತಿದ. ನಟ್ಟನಡುವೆ ತೂತು! ಮತ್ತೆ ಒತ್ತಿದ. ಅದರ ಪಕ್ಕದಲ್ಲೇ ಇನ್ನೊಂದು. ಐದಕ್ಕೆ ಐದೂ ಕರಿಯೊಳಗೆ ಬಿದ್ದದ್ದನ್ನು ಅವನು ಕಣ್ಣಾರೆ ಕಂಡ. ಗನ್ನು ಕೆಳಗಿಟ್ಟಾಗ ಸೀಟಿ ಆಗಲೇ ತನ್ನ ಕೊರಳಲ್ಲಿ ತೂಗುತ್ತಿದ್ದಂತೆ ಅನ್ನಿಸಿತು.

ಕಾಗದಗಳು ಮೇಷ್ಟ್ರ ಕೈಗೆ ಬಂದವು. ಒಂದನ್ನು ಎತ್ತಿ ಹಿಡಿದು ಅವರು ತೂತುಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ, "ಐದಕ್ಕೆ ಐದು. ಬರಿಗಣ್ಣಿನಲ್ಲಿ! ನಿಂಗರಾಜು, ನಾನು ಕಲಿಸಿದ್ದು ಸಾರ್ಥಕವಾಯಿತು ಕಣಯ್ಯ," ಎಂದರು.

ಚಿಕ್ಕಸ್ವಾಮಿಯ ಕಾಗದ ಅಂಗಡಿಯಿಂದ ಈಗ ತಾನೇ ತಂದಂತೆ ಅಚ್ಚುಕಟ್ಟಾಗಿತ್ತು.

"ಸಾ, ನಾನೇ ನೋಡ್ದೆ ಸಾ! ಐದೂ ಬಿದ್ದವು ಸಾ!" ಎಂದು ಚಿಕ್ಕಸ್ವಾಮಿ ಬಡಬಡಿಸಿದ.

"ಹೋಗ್ಲಿ ಬುಡಿ ಮೇಷ್ಟ್ರೇ," ಎಂದ ರಂಗಸ್ವಾಮಿ ಮರುಕದಿಂದ. "ಬೆಳಿಗ್ಗೆ ಡ್ರಮ್ಮಿಗೂ ಇಂಗೇ ಒಡ್ದ."

ಮೈದಾನವೆಲ್ಲ ನಕ್ಕಿತು. ಮೇಷ್ಟ್ರು ಹಿತ್ತಾಳೆ ಸೀಟಿಯನ್ನು ತಮ್ಮ ಕೊರಳಿನಿಂದ ತೆಗೆದು ನಿಂಗರಾಜುವಿನ ಕೊರಳಿಗೆ ಹಾಕಿ ತಬ್ಬಿಕೊಂಡರು. ಆಮೇಲೆ ಚಿಕ್ಕಸ್ವಾಮಿಯ ಕಡೆ ತಿರುಗಿದರು. "ಸೊನ್ನೆ ತೆಗೆದವನಿಗೆ ನನ್ನ ಕಾಲದಲ್ಲಿ ಏನಿತ್ತು?"

"ಗ್ರೌಂಡು ಒಂದು ಸುತ್ತು!" ಎಂದು ಬೋಳುತಲೆಗಳೆಲ್ಲ ಒಟ್ಟಿಗೆ ಕೂಗಿದವು.

ಚಿಕ್ಕಸ್ವಾಮಿ ಪಂಚೆ ಎತ್ತಿಕಟ್ಟಿ ಓಡಲು ಹೊರಟ. ಗೆದ್ದವನು ಸೀಟಿ ಊದುತ್ತ ಜೊತೆಗೆ ಓಡಬೇಕು, ಅದೂ ಹಳೆಯ ಪದ್ಧತಿಯೇ. ಮೈದಾನದ ಆಚೆ ತುದಿಗೆ, ಯಾರಿಗೂ ಕೇಳಿಸದಷ್ಟು ದೂರಕ್ಕೆ ಬಂದಾಗ ನಿಂಗರಾಜು ಸೀಟಿ ಬಾಯಿಂದ ತೆಗೆದು, ಏದುಸಿರು ಬಿಡುತ್ತ ಅವನ ಕಿವಿಯ ಹತ್ತಿರ ಬಂದ.

"ಯಾರ್ಗೂ ಯೋಳ್ಬ್ಯಾಡ ಕಣ್ಲಾ. ನಂಗೆ ಎರಡು ಕಣ್ಗೂ ಪೊರೆ ಬಂದೈತೆ. ಹಲಗೆಯಿರ್ಲಿ, ಮರವೇ ಸರ್ಯಾಗಿ ಕಾಣ್ನಿಲ್ಲ. ಮರ್ಯಾದೆ ಓಯ್ತದಲ್ಲ ಅಂತ ಐದನ್ನೂ ಮೋಡದ ಕಡೆ ಒಡೆದ್ಬುಟ್ಟೆ. ಕಾಗದದಲ್ಲಿ ಐದು ತೂತು ಎಂಗೆ ಬಂದ್ವೋ ಆ ದ್ಯಾವ್ರೇ ಬಲ್ಲ."

ಚಿಕ್ಕಸ್ವಾಮಿ ನಿಂತುಬಿಟ್ಟ. ಎಡಗಡೆ ಕಾಗದ, ಬಲಗಡೆ ಕಾಗದ. ದುರ್ಬೀನಿನಲ್ಲಿ ಕಂಡದ್ದು ಒಂದೇ ಒಂದು. ಅವನಿಗೆ ಎಲ್ಲವೂ ನಿಚ್ಚಳವಾಗಿ ಕಂಡಿತು. ನಿಂಗರಾಜುವಿನ ಕೊರಳಿನ ಸೀಟಿ ನೋಡಿದ. ದೂರದಲ್ಲಿ, ಆ ತೂತುಬಿದ್ದ ಕಾಗದವನ್ನು ಎದೆಗವಚಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದ ಮೇಷ್ಟ್ರನ್ನು ನೋಡಿದ. ಕೂಗಿ ಹೇಳಿಬಿಡಬೇಕೆಂದು ಬಾಯಿ ತೆರೆದ.

"ಏಯ್ ಚಿಕ್ಕಸ್ವಾಮಿ!" ಎಂಬ ಮೇಷ್ಟ್ರ ದನಿ ಮೈದಾನ ದಾಟಿ ಬಂತು. "ಯಾರು ನಿಲ್ಲು ಅಂದಿದ್ದು? ನಿಂತವರಿಗೆ ಇನ್ನೊಂದು ಸುತ್ತು!"

ತೆರೆದ ಬಾಯಿಯನ್ನು ಮುಚ್ಚಿಕೊಂಡು ಚಿಕ್ಕಸ್ವಾಮಿ ಓಡತೊಡಗಿದ.