ಸೋರಿಕೆ ಅಳೆಯುವವನ ಪಾಡು

ಸಮುದ್ರದ ನಡುವೆ ಎಣ್ಣೆಬಾವಿ ಕೊರೆಯುವ ರಿಗ್ಗಿನಲ್ಲಿ ನನಗೆ ಕೆಲಸ. ಎಷ್ಟು ಡೀಸೆಲ್ ಸುಟ್ಟಿತು, ಎಷ್ಟು ಎಣ್ಣೆ ಚೆಲ್ಲಿತು ಎಂದು ಅಳೆಯಬೇಕು, ಮುಂದಿನ ತಿಂಗಳು ಅದನ್ನು ಕಡಿಮೆ ಮಾಡಿಸಬೇಕು. ಒಂದು ತಿಂಗಳು ರಿಗ್ಗಿನಲ್ಲಿ, ಒಂದು ತಿಂಗಳು ಕಾಪುವಿನ ಮನೆಯಲ್ಲಿ. ಊರವರ ತಪ್ಪು ಅಳೆಯುತ್ತಾ ತಿರುಗುವವನ ಮರ್ಯಾದೆ ಎರಡು ಕಡೆಯೂ ಹೆಚ್ಚು ದಿನ ಬಾಳುವುದಿಲ್ಲ.

ಸೊನ್ನೆ

ಸೇರಿದ ಹೊಸತರಲ್ಲಿ ಒಂದು ನಿಯಮ ತಂದೆ. ಒಂದು ಹನಿ ಎಣ್ಣೆ ಚೆಲ್ಲಿದರೂ ಮೂರು ಪುಟದ ಫಾರ್ಮ್ ತುಂಬಿಸಬೇಕು. ಮರುತಿಂಗಳು ಒಂದೇ ಒಂದು ಫಾರ್ಮ್ ಬರಲಿಲ್ಲ. ಸೋರಿಕೆ ಸೊನ್ನೆ ಎಂದು ಕಚೇರಿಗೆ ಬರೆದೆ, ಹೊಗಳಿಕೆ ಬಂತು. ಖುಷಿಯಲ್ಲಿ ಅಡುಗೆಯವರಿಗೆ ಹೇಳಿ ಎಲ್ಲರಿಗೂ ಪಾಯಸ ಮಾಡಿಸಿದೆ. ಕಾರ್ಕಳದ ಹಿರಿಯ ಫೋರ್‌ಮನ್ ಒಬ್ಬರು ಎರಡನೇ ಲೋಟ ಕುಡಿಯುತ್ತಿದ್ದರು. ಇಷ್ಟು ಬೇಗ ಹೇಗೆ ಸುಧಾರಿಸಿದಿರಿ ಎಂದು ಕೇಳಿದೆ.

"ಚೆಲ್ಲುವುದು ಮೊದಲಿನ ಹಾಗೇ ಉಂಟು ಮಾರಾಯ್ರೆ. ನಿಮ್ಮ ಮೂರು ಪುಟ ತುಂಬಿಸುವುದಕ್ಕಿಂತ ಒರೆಸುವುದು ಸುಲಭ."

ಖಾಲಿ ಕೋಣೆಗಳ ಪಟ್ಟಿ

ಯಾರೂ ಇಲ್ಲದ ಕೋಣೆಯಲ್ಲಿ ಏಸಿ ಓಡಿಸುವವರ ಪಟ್ಟಿ ಮಾಡಲು ಬೆಳಿಗ್ಗೆ ಹೊರಟೆ. ಎರಡು ಗಂಟೆ ತಿರುಗಿ ಏಳು ಕೋಣೆ ಹಿಡಿದು, ಪಟ್ಟಿಯನ್ನು ಊಟದ ಹಾಲ್‌ನ ಗೋಡೆಗೆ ಅಂಟಿಸಿದೆ. ರಿಗ್ಗಿನ ಎಲೆಕ್ಟ್ರಿಷಿಯನ್ ಬಂದು ಓದಿದ. ಜೇಬಿನಿಂದ ಪೆನ್ನು ತೆಗೆದು ಎಂಟನೆಯದನ್ನು ಸೇರಿಸಿದ. ಅದು ನನ್ನ ಕೋಣೆ.

ಮಾವನ ಪ್ರಶ್ನೆ

ಹೆಂಡತಿಯ ತಂದೆ ಉಚ್ಚಿಲದವರು, ಆಯುಷ್ಯವಿಡೀ ಮೀನು ಹಿಡಿದವರು. ಒಮ್ಮೆ ಬಲೆ ಸರಿಮಾಡುತ್ತಾ ನನ್ನ ಕೆಲಸ ಎಂತದ್ದು ಎಂದು ಕೇಳಿದರು. ಕಡಲಿಗೆ ಬಿದ್ದ ಎಣ್ಣೆ ಅಳೆಯುತ್ತೇನೆ ಎಂದೆ.

"ಬಿದ್ದದ್ದನ್ನು ಅಳೆಯಲಿಕ್ಕೆ ಸಂಬಳ ಉಂಟಾ? ಬೀಳದ ಹಾಗೆ ನೋಡುವವರು ಯಾರು?"

ಅದೂ ನಾನೇ ಎಂದೆ. ಮಾವ ಬಲೆ ಕೆಳಗಿಟ್ಟರು.

"ಹಾಗಾದರೆ ಬೀಳುವುದು ಯಾಕೆ?"

ಒಳಗಿನಿಂದ ಊಟಕ್ಕೆ ಕರೆದರು. ಕರೆಯದಿದ್ದರೂ ನಾನು ಏಳುವವನೇ.

ಮಣಿಪಾಲದ ಉಪನ್ಯಾಸ

ಮಣಿಪಾಲದ ಕಾಲೇಜೊಂದರಲ್ಲಿ ಉಪನ್ಯಾಸಕ್ಕೆ ಕರೆದಿದ್ದರು. ನನ್ನ ಹಳೆಯ ಕಾರನ್ನು ಸಭಾಂಗಣದ ಎದುರೇ ನಿಲ್ಲಿಸಿ ಒಳಗೆ ಹೋದೆ. ಒಂದು ಗಂಟೆ ಮಾತಾಡಿದೆ. ಹನಿ ಬೀಳುವಲ್ಲಿ ಮೊದಲು ಪಾತ್ರೆ ಇಡಬೇಕು, ಬಿದ್ದದ್ದನ್ನು ಅಳೆಯಬೇಕು, ಆಮೇಲೆ ಮೂಲ ಹುಡುಕಿ ಮುಚ್ಚಬೇಕು ಎಂದು ಒತ್ತಿ ಒತ್ತಿ ಹೇಳಿದೆ. ಮಕ್ಕಳೆಲ್ಲ ಬರೆದುಕೊಂಡರು.

ಬೀಳ್ಕೊಡಲು ಪ್ರಾಂಶುಪಾಲರು, ಅವರ ಹಿಂದೆ ವಿದ್ಯಾರ್ಥಿಗಳು ಹೊರಗೆ ಬಂದರು. ವಾಚ್‌ಮನ್ ಕಾರಿನ ಹತ್ತಿರ ಕಾದು ನಿಂತಿದ್ದರು. ನಮ್ಮನ್ನು ಕಂಡು ಬಗ್ಗಿ, ಕಾರಿನ ಅಡಿಯಿಂದ ಕ್ಯಾಂಟೀನಿನ ಸ್ಟೀಲ್ ತಟ್ಟೆಯೊಂದನ್ನು ಜೋಪಾನವಾಗಿ ಎಳೆದು, ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. ಅದರಲ್ಲಿ ಕಪ್ಪು ಎಣ್ಣೆ. ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

"ಸರ್, ನಿಮ್ಮ ಮಾತು ಮೈಕಿನಲ್ಲಿ ಇಲ್ಲಿಗೂ ಕೇಳಿತು. ಒಂದು ಹನಿಯೂ ಹಾಳಾಗಲಿಲ್ಲ. ಅಳೆಯಲಿಕ್ಕೆ ಬೇಕಲ್ವಾ?"