ಗಾಳಿಗೂ ಬಿಲ್ಲು ಕಳಿಸಿದ ನೀರಿನ ಸಾಹೇಬರಿಗೆ

ನಾಗಪುರ
ಜ್ಯೇಷ್ಠ ಶುದ್ಧ ಏಕಾದಶಿ, ೧೯೮೬

ಮಾನ್ಯರೇ,

ಊರಿಗೆಲ್ಲ ನೀರುಣಿಸುವ ತಮಗೆ ಗಾಂಧಿಬಾಗಿನ ಹಿಂದಿನ ಗಲ್ಲಿಯಿಂದ ಕೃಷ್ಣವೇಣಿಯ ಸಾವಿರ ನಮಸ್ಕಾರಗಳು. ಇವತ್ತು ನಿರ್ಜಲ ಏಕಾದಶಿ. ಬಾಗಿಲಿಗೆ ನೀರು ಹಾಕಿ, ತುಳಸಿಗೆ ಎರೆದು, ಮಗಳು ರಮಾಳ ಒಂದೂವರೆ ತಿಂಗಳ ಕೂಸನ್ನು ಮೀಯಿಸಿ, ಅದರ ಬಟ್ಟೆ ಒಗೆದು ಹರವಿ, ನಾನು ಮಾತ್ರ ಒಂದು ಗುಟುಕೂ ಮುಟ್ಟದೆ ಬರೆಯಲು ಕೂತಿದ್ದೇನೆ. ತಮ್ಮ ಬಿಲ್ಲು ನೋಡಿದ ಮೇಲೆ, ಈ ವ್ರತವನ್ನು ನಮ್ಮಿಂದ ವರ್ಷಪೂರ್ತಿ ಮಾಡಿಸುವ ಪುಣ್ಯ ತಮಗೇ ಮೀಸಲೆನಿಸಿತು.

ದರ ಏಕೆ ಏರಿತೆಂದು ಬಿಲ್ಲಿನ ಹಿಂದೆ ತಾವು ಅಚ್ಚು ಹಾಕಿಸಿದ್ದನ್ನು ಎರಡು ಸಲ ಓದಿಸಿ ಕೇಳಿದೆ. ನದಿಯಿಂದ ನೀರೆತ್ತುವ ಪಂಪಿನ ಕರೆಂಟು ದುಬಾರಿ, ಕದಡಿದ ನೀರು ತಿಳಿಯಾಗಿಸುವ ಪಟಿಕ ದುಬಾರಿ, ಹಳೇ ಪೈಪು ಬದಲಿಸಲು ತಂದ ಸಾಲಕ್ಕೆ ಬಡ್ಡಿ, ಹಳೇ ಪೈಪು ಮಾತ್ರ ನೆಲದೊಳಗೆ ಇನ್ನೂ ಸೋರುತ್ತಿದೆ. ಎಲ್ಲ ಬರೋಬರ್. ಸಾಲವನ್ನೂ ಮಾಡಿ ಸೋರುವ ಕೊಡವನ್ನೂ ಉಳಿಸಿಕೊಂಡ ಸಂಸಾರ ನಮ್ಮ ಹಳ್ಳಿಯಲ್ಲೂ ಒಂದಿತ್ತು. ಆದರೆ ಪಾಪ, ನೆರೆಮನೆಗೆ ಬಿಲ್ಲು ಕಳಿಸುವಷ್ಟು ಬುದ್ಧಿ ಅವರಿಗಿರಲಿಲ್ಲ.

ದರ ಏರಿದ್ದು ಒಂದೂವರೆ ಪಟ್ಟು, ನನ್ನ ಬಿಲ್ಲು ಏರಿದ್ದು ಮೂರು ಪಟ್ಟು. ಉಳಿದದ್ದು ನನ್ನ ತಪ್ಪೇ ಎಂದು ಒಪ್ಪಿಕೊಳ್ಳುತ್ತೇನೆ. ನೀರು ಬರುವುದು ಬೆಳಿಗ್ಗೆ ಐದೂವರೆಗೆ. ಕೂಸು ಬಂದ ಮೇಲೆ ನಾನು ನಸುಕಿಗೇ ಮೀಯುವುದು ಶುರುವಾಯಿತು; ಮಿಂದು ಮಡಿಯುಟ್ಟವಳು ಎಲ್ಲರೂ ಮುಟ್ಟಿದ ನಲ್ಲಿಯ ತಿರುಪು ಮುಟ್ಟಬಾರದೆಂದು ಹಿಂದಿನ ಸಂಜೆಯೇ ಅದನ್ನು ಪೂರ್ತಿ ತಿರುಗಿಸಿ, ಕೆಳಗೆ ಬೆಳಗಿದ ಕೊಡ ಇಟ್ಟುಬಿಡುತ್ತಿದ್ದೆ. ನೀರಿಗೂ ಮೊದಲು ಪೈಪಿನ ಗಾಳಿ ಅರ್ಧ ಗಂಟೆ ಸೀಟಿ ಹೊಡೆಯುತ್ತಿತ್ತು. ಕೃಷ್ಣನ ಕೊಳಲೆಂದು ಕೈಮುಗಿಯುತ್ತಿದ್ದೆ. ಮೊನ್ನೆ ಬ್ಯಾಟರಿ ಹಿಡಿದು ನೋಡಿದರೆ, ಕೊಡದಲ್ಲಿ ಹನಿಯಿಲ್ಲ, ತಮ್ಮ ಮೀಟರಿನ ಮುಳ್ಳು ಮಾತ್ರ ಆ ಸೀಟಿಗೆ ಗರಗರ ಕುಣಿಯುತ್ತಿದೆ! ಮೀಟರು ಬರೆದುಕೊಳ್ಳಲು ಬಂದವನಿಗೆ ತೋರಿಸಿದರೆ, “ಮಾವ್‌ಶಿ, ಅದಕ್ಕೆ ತಿರುಗುವುದಷ್ಟೇ ಗೊತ್ತು, ಯಾವುದಕ್ಕೆಂದು ಗೊತ್ತಿಲ್ಲ” ಎಂದು ನಕ್ಕು ಹೋದ.

ಹಿಂದೆ ಋಷಿಗಳು ಗಾಳಿ ಕುಡಿದೇ ಬದುಕುತ್ತಿದ್ದರು, ಪುಕ್ಕಟೆಯಾಗಿ. ಆಗ ತಮ್ಮ ಇಲಾಖೆ ಇರಲಿಲ್ಲವಲ್ಲ. ಗಾಳಿಗೇ ಹಣ ಕೊಡಬೇಕಾದರೆ ದಯವಿಟ್ಟು ಅದನ್ನು ಮಧ್ಯಾಹ್ನ ಎರಡಕ್ಕೆ, ತೊಟ್ಟಿಲಿನ ಕಡೆಗೆ ಬಿಡಿ; ಕೂಲರು ಮಾರಿ ತಮ್ಮ ಬಡ್ಡಿಗೆ ಕೊಡುತ್ತೇನೆ. ಇಲ್ಲವೇ ತಮ್ಮ ಗುಮಾಸ್ತರು ಸಾಲಾಗಿ ನಿಂತು ಆ ಗಾಳಿಯನ್ನು ಹಿಂದಕ್ಕೆ ಹೀರಿಕೊಳ್ಳಲಿ, ಮುಳ್ಳೂ ಹಿಂದಕ್ಕೆ ಬರಲಿ.

ಬಿಲ್ಲಿನ ಜೊತೆ ಬಂದ ನೋಟೀಸಿನ ಪ್ರಕಾರ, ಸೋಮವಾರದೊಳಗೆ ಪೂರ್ತಿ ಕಟ್ಟದಿದ್ದರೆ ನಲ್ಲಿ ಕತ್ತರಿಸುತ್ತೀರಂತೆ. ಬಾಣಂತಿ ಇರುವ ಮನೆ, ಸಾಹೇಬರೇ. ನಾನು ಉಪವಾಸ ಇರಬಲ್ಲೆ, ಕೂಸಿಗೆ ಏಕಾದಶಿ ತಿಳಿಯದು. ಕುಡಿದ ನೀರಿಗೆ ತಮ್ಮ ಹೊಸ ದರದಲ್ಲೇ ಕೊಡುತ್ತೇನೆ. ಗಾಳಿಗೆ ಒಂದು ಪೈಸೆಯೂ ಇಲ್ಲ.

ಈ ಉತ್ತರ ತಂದುಕೊಡಲು ಯಜಮಾನರು ಊರಲ್ಲಿಲ್ಲ. ರೈಲ್ವೆ ಗಾರ್ಡು, ಗಾಡಿಯ ಮೇಲಿದ್ದಾರೆ; ನೆರೆಮನೆಯ ಹುಡುಗನ ಕೈಲಿ ಕಳಿಸುತ್ತಿದ್ದೇನೆ. ಕತ್ತರಿಸುವವನಿಗಿಂತ ಮೊದಲು, ಕಣ್ಣು ನೆಟ್ಟಗಿರುವ ಒಬ್ಬನನ್ನು ನಾಳೆ ದ್ವಾದಶಿ ಬೆಳಿಗ್ಗೆ ಐದಕ್ಕೆ ಕಳಿಸಿ. ಬಂದವನು ಮೀಟರಿನ ಮುಂದೆ ಅರ್ಧ ಗಂಟೆ ಕೂರಲಿ. ಕಾಫಿ ಕೊಡುತ್ತೇನೆ, ಬಿಲ್ಲಿಲ್ಲದೆ.

ಮುಳ್ಳು ತಿರುಗುವಷ್ಟು ಕಾಲವೂ ತಮ್ಮ ವಿಶ್ವಾಸಿ,
ಕೃಷ್ಣವೇಣಿ

ವಿ.ಸೂ.: ಪತ್ರ ಕನ್ನಡದಲ್ಲಿದೆಯೆಂದು ಸಿಡುಕಬೇಡಿ. ತಮ್ಮ ನೋಟೀಸು ಮರಾಠಿಯಲ್ಲಿ ಬಂದಾಗ ಓದುವವರನ್ನು ನಾನು ಹುಡುಕಿಕೊಂಡೆ, ತಾವೂ ಹುಡುಕಿಕೊಳ್ಳಿ. ಸಿಗುವತನಕ ನಲ್ಲಿ ಮುಟ್ಟಬೇಡಿ. ಉತ್ತರ ಓದದೆ ಶಿಕ್ಷೆ ಕೊಟ್ಟರೆಂಬ ಕೆಟ್ಟ ಹೆಸರು ತಮ್ಮಂಥ ದೊಡ್ಡವರಿಗೆ ಬರಬಾರದು.